ಗೋಟಿಯೆ ಬರೀ ಒಂದು ಹಾಡಿನ ಗಾಯಕನಾ? ಆ ಹಾಡಿನ ಮುಂಚಿನ, ಆಮೇಲಿನ ಕಥೆ ಗೊತ್ತಿದ್ದವರು ಬನ್ನಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2025ರಲ್ಲಿ ಅಮೆರಿಕದ ರ‍್ಯಾಪರ್ ಡೋಚಿಯ ‘ಆಂಗ್ಸೈಟಿ’ ಹಾಡು ಬಂದ ಮೇಲೆ ರೀಲ್ಸ್ ತೆಗೆದರೆ ಸಾಕು, ಅದೇ ಗಿಟಾರ್. ಅದು ಗೋಟಿಯೆಯ ‘ಸಂಬಡಿ ದಟ್ ಐ ಯೂಸ್ಡ್ ಟು ನೋ’ ಹಾಡಿನ ತುಣುಕು ಅಂತ ಕಾಲೇಜು ಹುಡುಗರಿಗೆ ಹೇಳಿದರೆ ‘ಯಾರು ಗೋಟಿಯೆ?’ ಅಂತ ಕೇಳುತ್ತಾರೆ. 2012ರಲ್ಲಿ ಈ ಹಾಡು ಕಿವಿಗೆ ಬೀಳದವರು ಯಾರಿದ್ದರು ಹೇಳಿ! ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 8 ವಾರ ಮೊದಲ ಸ್ಥಾನ. ಆ ಇಡೀ ವರ್ಷದ ಪಟ್ಟಿಯಲ್ಲೂ ಅದೇ ನಂಬರ್ ಒನ್. 2013ರ ಫೆಬ್ರವರಿಯಲ್ಲಿ ಮೂರು ಗ್ರ್ಯಾಮಿ. ಆಮೇಲೆ? ಗೋಟಿಯೆ ಹೆಸರಿನಲ್ಲಿ ಒಂದು ಹೊಸ ಆಲ್ಬಮ್ ಕೂಡ ಬಂದಿಲ್ಲ.

ನನ್ನ ತಮ್ಮ ‘ಅವನಿಗೆ ಲಾಟರಿ ಹೊಡೀತು, ಸರಕು ಖಾಲಿ ಆಯ್ತು’ ಅಂತಾನೆ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ವಾದ ಮಾಡೋಕೆ ಕೈಯಲ್ಲಿ ಜಾಸ್ತಿ ವಿಷಯ ಇಲ್ಲ. ಅಷ್ಟು ಎತ್ತರಕ್ಕೆ ಹೋದ ಮನುಷ್ಯ ಸುಮ್ನೆ ನಿಂತುಬಿಟ್ಟಿದ್ದು ಸರಿಯಾ? ಗೊತ್ತಿದ್ದವರು ಬರೆಯಿರಿ.

ಬನಶಂಕರಿ_ಬೀಟ್ಸ್:
ನಿಮ್ಮ ತಮ್ಮ ಹೇಳಿದ್ದೇ ಸರಿ. ಒನ್ ಹಿಟ್ ವಂಡರ್. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಹಳೇರೆಕಾರ್ಡು:
ಚರ್ಚೆ ಮಾಡೋಕೆ ಬಹಳ ಇದೆ ಗುರೂ. ಅಮೆರಿಕಕ್ಕೆ ಅವನು 2012ರಲ್ಲಿ ಗೊತ್ತಾದ, ಅಷ್ಟೇ. ಆಸ್ಟ್ರೇಲಿಯಾದಲ್ಲಿ ಅಷ್ಟು ಹೊತ್ತಿಗೆ ಅವನು ಹತ್ತು ವರ್ಷ ದುಡಿದಿದ್ದ.

ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಅವನ ನಿಜವಾದ ಹೆಸರು ವೌಟರ್ ಡಿ ಬ್ಯಾಕರ್, ಸ್ನೇಹಿತರಿಗೆ ವಾಲಿ. 1980ರಲ್ಲಿ ಬೆಲ್ಜಿಯಂನ ಬ್ರೂಜ್‌ನಲ್ಲಿ ಹುಟ್ಟಿದ್ದು. ಎರಡು ವರ್ಷದ ಮಗುವಾಗಿದ್ದಾಗ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಬಂದರು, ಬೆಳೆದದ್ದು ಮೆಲ್ಬೋರ್ನ್‌ನ ಮಾಂಟ್‌ಮೊರೆನ್ಸಿ ಕಡೆ. ಮೂಲದಲ್ಲಿ ಅವನು ಡ್ರಮ್ಮರ್, ಹೈಸ್ಕೂಲಿನಲ್ಲೇ ಡೌನ್‌ಸ್ಟೇರ್ಸ್ ಅಂತ ಬ್ಯಾಂಡ್ ಇತ್ತು. 2001ರ ಸುಮಾರಿಗೆ ಪಕ್ಕದ ಮನೆಯ ವಯಸ್ಸಾದವರೊಬ್ಬರು ತೀರಿಕೊಂಡ ತಮ್ಮ ಹೆಂಡತಿಯ ರೆಕಾರ್ಡುಗಳನ್ನೆಲ್ಲ ಇವನಿಗೆ ಕೊಟ್ಟುಬಿಟ್ಟರು. ಆ ಹಳೆ ಎಲ್‌ಪಿಗಳಿಂದ ಒಂದೊಂದು ಚೂರು ಕತ್ತರಿಸಿ, ಜೋಡಿಸಿ, ಮೇಲೆ ತಾನೇ ಹಾಡಿ ಟ್ರ್ಯಾಕ್ ಮಾಡಲು ಶುರು ಮಾಡಿದ. ಮೊದಮೊದಲ ಸಿಡಿಗಳ ಕವರಿಗೆ ಕೈಯಾರೆ ಬಣ್ಣ ಹಚ್ಚಿ ರೇಡಿಯೋದವರಿಗೆ ಕಳಿಸುತ್ತಿದ್ದ. 2003ರಲ್ಲಿ ‘ಬೋರ್ಡ್‌ಫೇಸ್’ ಆಲ್ಬಮ್. 2006ರಲ್ಲಿ ‘ಲೈಕ್ ಡ್ರಾಯಿಂಗ್ ಬ್ಲಡ್’. ಈ ಎರಡನೆಯದನ್ನು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸುತ್ತಾ, ಸಿಕ್ಕ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದು. 2007ರಲ್ಲಿ ಏರಿಯಾ (ARIA) ಪ್ರಶಸ್ತಿಯಲ್ಲಿ ಅತ್ಯುತ್ತಮ ಗಾಯಕ ಅಂತ ಗೆದ್ದಿದ್ದ. ಆಸ್ಟ್ರೇಲಿಯಾದಲ್ಲಿ ಸಂಗೀತಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅಂದರೆ ‘ಲಾಟರಿ’ ಹೊಡೆಯುವ ನಾಲ್ಕು ವರ್ಷ ಮುಂಚೆಯೇ ಅವನು ಅಲ್ಲಿ ಗೆದ್ದವನು. ಇಂಥವನನ್ನು ಒನ್ ಹಿಟ್ ವಂಡರ್ ಅನ್ನೋದು ಅಮೆರಿಕದ ಚಾರ್ಟ್ ಬಿಟ್ಟು ಬೇರೇನೂ ನೋಡದವರ ಮಾತು.

ಮೆಲ್ಬೋರ್ನ್_ಕನ್ನಡತಿ:
ಹಳೇರೆಕಾರ್ಡು ಸರ್ ಹೇಳಿದ್ದಕ್ಕೆ ನನ್ನದೊಂದು ಸಾಲು ಸೇರಿಸುತ್ತೇನೆ. ‘ಹಾರ್ಟ್ಸ್ ಎ ಮೆಸ್’ ಕೇಳಿ ಮೊದಲು. 2006ರ ಆ ಆಲ್ಬಮ್ಮಿನದೇ ಹಾಡು. ನಿರ್ದೇಶಕ ಬಾಝ್ ಲರ್ಮನ್ 2013ರಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಸಿನಿಮಾದ ಆಲ್ಬಮ್ಮಿಗೆ ಅದನ್ನೇ ತೆಗೆದುಕೊಂಡ. ಇಲ್ಲಿಯ ನನ್ನ ಸಹೋದ್ಯೋಗಿಗಳಿಗೆ ಗೋಟಿಯೆ ಅಂದರೆ ಇವತ್ತಿಗೂ ಮೊದಲು ನೆನಪಾಗೋದು ಅದು.

ಲೂಪರ್:
‘ಹಾರ್ಟ್ಸ್ ಎ ಮೆಸ್’ಗೆ ನಂದೂ ಒಂದು ಓಟು. ಆರು ನಿಮಿಷದ ಹಾಡು, ಆದರೆ ಒಂದು ಕ್ಷಣ ಕೂಡ ಉದ್ದ ಅನ್ನಿಸಲ್ಲ.

ಬನಶಂಕರಿ_ಬೀಟ್ಸ್:
ಸರಿ, ಮುಂಚೆ ಇದ್ದ, ಒಪ್ಪಿದೆ. ಆದರೆ ಆ ದೊಡ್ಡ ಹಾಡಿನ ಟ್ಯೂನೇ ಅವನದಲ್ಲವಲ್ಲ? ಗಿಟಾರ್ ಬ್ರೆಜಿಲ್‌ನವನದು. ಝೈಲೋಫೋನ್ ಕೇಳಿ, ‘ಬಾ ಬಾ ಬ್ಲ್ಯಾಕ್ ಶೀಪ್’. ಎಲ್‌ಕೆಜಿ ಮಕ್ಕಳೂ ಹಿಡಿದುಬಿಡುತ್ತವೆ. ಕದ್ದ ಎರಡು ತುಂಡು ಸೇರಿಸಿದರೆ ಗ್ರ್ಯಾಮಿ ಕೊಡುತ್ತಾರಾ?

ಲೂಪರ್:
ಕದ್ದದ್ದು ಅನ್ನೋ ಪದ ಬಳಸಬೇಡಿ, ದಯವಿಟ್ಟು. ನಾನೂ ಮನೆಯಲ್ಲೇ ಟ್ರ್ಯಾಕ್ ಮಾಡುವವನು, ಹಾಗಾಗಿ ಕಿವಿಯಿಂದಲೇ ಹೇಳುತ್ತೇನೆ. ಲೂಯಿಜ್ ಬೋನ್ಫಾ 1967ರಲ್ಲಿ ನುಡಿಸಿದ ‘ಸೆವಿಲ್’ನ ಒಂದು ಚಿಕ್ಕ ತುಣುಕು ಅದು. ಎರಡು ಸ್ವರದ ನಡುವೆ ತೂಗುತ್ತದೆ, ಅಷ್ಟೇ. ಆ ‘ಸೆವಿಲ್’ ಪೂರ್ತಿ ಹಾಕಿ ಕೇಳಿ, ಅದರೊಳಗೆ ಈ ಹಾಡು ಎಲ್ಲಿದೆ ತೋರಿಸಿ. ಸಿಗಲ್ಲ. ಪದ್ಯದಲ್ಲಿ ಪಿಸುಗುಟ್ಟುವ ಹಾಗೆ ಕೆಳಗಿನ ದನಿ, ಪಲ್ಲವಿಗೆ ಬಂದಾಗ ಗಂಟಲು ಹರಿಯುವ ಹಾಗೆ ಮೇಲಕ್ಕೆ ಜಿಗಿತ. ಆಮೇಲೆ ಅರ್ಧ ದಾಟಿದ ಮೇಲೆ ಹುಡುಗಿ ಬಂದು ಅವನ ಕಥೆಯನ್ನೇ ತಿರುಗಿಸಿ ಹಾಕುತ್ತಾಳೆ. ಅಲ್ಲಿಯವರೆಗೆ ಪಾಪ ಅನ್ನಿಸುತ್ತಿದ್ದವನು ಅವಳ ಒಂದು ಪದ್ಯಕ್ಕೆ ಬೇರೆಯೇ ಮನುಷ್ಯ ಅನ್ನಿಸಿಬಿಡುತ್ತಾನೆ. ಈ ಕಟ್ಟೋಣ ಯಾವ ತುಣುಕಿನಿಂದ ಬಂತು?

ವಕೀಲ_ಸಾಹೇಬ:
ಕಾನೂನಿನ ದೃಷ್ಟಿಯಿಂದಲೂ ಅದು ಕಳ್ಳತನವಲ್ಲ. ಸ್ಯಾಂಪಲ್, ಅಂದರೆ ಬೇರೆಯವರ ರೆಕಾರ್ಡಿಂಗ್‌ನ ತುಣುಕು, ಬಳಸಬೇಕಾದರೆ ಎರಡು ಹಕ್ಕು ಬೇಕು. ಒಂದು, ಸಂಗೀತ ರಚನೆಯ ಹಕ್ಕು. ಇನ್ನೊಂದು, ಆ ನಿರ್ದಿಷ್ಟ ರೆಕಾರ್ಡಿಂಗ್‌ನ ಹಕ್ಕು. ಎರಡಕ್ಕೂ ಮಾಲೀಕರು ಬೇರೆ ಬೇರೆ ಇರಬಹುದು. ಗೋಟಿಯೆ ಹಾಡಿನಲ್ಲಿ ಬೋನ್ಫಾ ಹೆಸರು ಸಹ ರಚನಕಾರ ಅಂತಲೇ ಇದೆ. ಬೋನ್ಫಾ 2001ರಲ್ಲೇ ತೀರಿಕೊಂಡಿದ್ದರು, ಅವರ ವಾರಸುದಾರರಿಗೆ ರಾಯಲ್ಟಿಯ ದೊಡ್ಡ ಪಾಲು ಹೋಗುತ್ತದೆ. 1959ರ ‘ಬ್ಲ್ಯಾಕ್ ಆರ್ಫಿಯಸ್’ ಚಿತ್ರದ ‘ಮಾನ್ಯಾ ದೆ ಕಾರ್ನವಾಲ್’ ಬರೆದ ಮಹಾನ್ ಗಿಟಾರ್ ವಾದಕ ಅವರು. ಈ ಹಾಡಿನಿಂದ ಹೊಸ ತಲೆಮಾರು ಅವರನ್ನು ಹುಡುಕಿಕೊಂಡು ಹೋಯಿತು.

ಇದೇ ಆಸ್ಟ್ರೇಲಿಯಾದ ಇನ್ನೊಂದು ಕಥೆ ನೋಡಿ. ಮೆನ್ ಅಟ್ ವರ್ಕ್ ಬ್ಯಾಂಡಿನ ‘ಡೌನ್ ಅಂಡರ್’. ಅದರಲ್ಲಿ ಕೊಳಲಿನ ಒಂದು ಪುಟ್ಟ ಓಟ ಇದೆ, ಅದು ‘ಕುಕಬರಾ’ ಅನ್ನೋ ಮಕ್ಕಳ ಹಾಡಿನದು. ಶಿಕ್ಷಕಿ ಮೇರಿಯನ್ ಸಿಂಕ್ಲೇರ್ 1930ರ ದಶಕದಲ್ಲಿ ಬರೆದದ್ದು. ಹಾಡು ಹಿಟ್ ಆಗಿ ಎಷ್ಟೋ ವರ್ಷದ ಮೇಲೆ, ಹಕ್ಕು ಹೊಂದಿದ್ದ ಲ್ಯಾರಿಕಿನ್ ಮ್ಯೂಸಿಕ್ ಕೋರ್ಟಿಗೆ ಹೋಯಿತು. 2010ರಲ್ಲಿ ತೀರ್ಪು ಬಂತು, 2002ರಿಂದ ಈಚಿನ ರಾಯಲ್ಟಿಯಲ್ಲಿ 5 ಶೇಕಡಾ ಕೊಡಿ ಅಂತ. ದುಡ್ಡು ದೊಡ್ಡದಲ್ಲ. ಆದರೆ ಕೊಳಲು ನುಡಿಸಿದ್ದ ಗ್ರೆಗ್ ಹ್ಯಾಮ್ ಒಳಗೊಳಗೇ ಕುಸಿದುಹೋದರು. ಜನ ತನ್ನನ್ನು ನಕಲು ಮಾಡಿದವನು ಅಂತ ನೆನಪಿಟ್ಟುಕೊಳ್ಳುತ್ತಾರೆ ಅನ್ನೋ ನೋವು ಅವರಿಗೆ ಕೊನೆವರೆಗೂ ಇತ್ತು. ಅದಕ್ಕೇ ಹೇಳೋದು, ಮೊದಲೇ ಕೇಳಿ, ಹೆಸರು ಹಾಕಿ, ಪಾಲು ಕೊಡಿ. ಗೋಟಿಯೆ ಅದನ್ನು ಮಾಡಿದ.

ಬನಶಂಕರಿ_ಬೀಟ್ಸ್:
ಕುಕಬರಾ ಕೇಸಿನ ವಿಷಯ ಗೊತ್ತಿರಲಿಲ್ಲ ಸರ್. 5 ಶೇಕಡಾಗೆ ಅಷ್ಟು ಗಲಾಟೆನಾ?

ವಕೀಲ_ಸಾಹೇಬ:
ಕೇಳಿದ್ದು ಅದಕ್ಕಿಂತ ತುಂಬಾ ಜಾಸ್ತಿ. ಕೋರ್ಟ್ ಕೊಟ್ಟಿದ್ದು ಅಷ್ಟು.

ಕರಾವಳಿ_ಕಿವಿ:
ಯಾರಾದರೂ ಕಿಂಬ್ರಾ ಬಗ್ಗೆ ಮಾತಾಡಿ. ಆ ಹಾಡಿನ ಜೀವ ಇರೋದೇ ಅವಳ ಪದ್ಯದಲ್ಲಿ, ಎಲ್ಲರೂ ಗೋಟಿಯೆ ಗೋಟಿಯೆ ಅಂತ ಕೂತಿದ್ದೀರಿ. ಅವಳು ಆಸ್ಟ್ರೇಲಿಯಾದವಳೂ ಅಲ್ಲ, ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನವಳು. ಸಂಗೀತಕ್ಕಾಗಿ ಚಿಕ್ಕ ವಯಸ್ಸಿನಲ್ಲೇ ಮೆಲ್ಬೋರ್ನ್‌ಗೆ ಬಂದು ನೆಲೆಸಿದ್ದಳು. ಬೇರೆ ಗಾಯಕಿ ಹಾಡಬೇಕಿತ್ತು, ಅವರು ಕೊನೇ ಗಳಿಗೆಯಲ್ಲಿ ಬರಲಿಲ್ಲ. ಹಾಡಿನ ಮಿಕ್ಸಿಂಗ್ ಮಾಡಿದ ಫ್ರಾನ್ಸ್ವಾ ಟೆಟಾಜ್ ಆಗ ಕಿಂಬ್ರಾಳ ಆಲ್ಬಮ್ಮಿನ ಮೇಲೂ ಕೆಲಸ ಮಾಡುತ್ತಿದ್ದರು, ಹಾಗೆ ಸಂಪರ್ಕ ಆಯ್ತು. ಅವಳು ನಿಲ್ಲಿಸಲಿಲ್ಲ ನೋಡಿ. 2011ರಲ್ಲಿ ‘ವೌಸ್’, 2014ರಲ್ಲಿ ‘ದಿ ಗೋಲ್ಡನ್ ಎಕೋ’, 2018ರಲ್ಲಿ ‘ಪ್ರೈಮಲ್ ಹಾರ್ಟ್’, 2023ರಲ್ಲಿ ‘ಎ ರೆಕನಿಂಗ್’. ಇದನ್ನು ನಾನು ವೃತ್ತಿ ಅಂತೀನಿ.

ತುಂಗಾತೀರ:
ಅಕ್ಕಾ, ಇದು ಒಳ್ಳೆ ಮಾತು. ನಾನು ಕಿಂಬ್ರಾಳ ಒಂದು ಹಾಡೂ ಬೇರೆ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಕರಾವಳಿ_ಕಿವಿ:
‘ಸೆಟಲ್ ಡೌನ್’. ತನ್ನ ದನಿಯನ್ನೇ ಪದರ ಪದರವಾಗಿ ಲೂಪ್ ಮಾಡಿ ತಾಳ ಕಟ್ಟುತ್ತಾಳೆ. ಅದರ ಲೈವ್ ವಿಡಿಯೋ ನೋಡಿ, ಆಮೇಲೆ ಮಾತಾಡೋಣ.

ಸುಮ್ನೆ_ಓದುಗ:
ವಿಡಿಯೋ ಅಂದಾಗ ನೆನಪಾಯಿತು. ಮೈಗೆಲ್ಲ ಬಣ್ಣ ಬಳಿದು ಗೋಡೆಯ ಚಿತ್ರದೊಳಗೆ ಸೇರಿಹೋಗುವ, ಗೋಟಿಯೆಯ ಆ ದೊಡ್ಡ ಹಾಡಿನ ವಿಡಿಯೋ ಕಂಪ್ಯೂಟರ್‌ನಲ್ಲಿ ಮಾಡಿದ್ದಲ್ಲ ಅಲ್ವಾ?

ಹಳೇರೆಕಾರ್ಡು:
ಅಲ್ಲ. ಕೈಯಲ್ಲಿ ಬಳಿದದ್ದು. ನಿರ್ದೇಶಕಿ ನಟಾಶಾ ಪಿಂಕಸ್, ಬಣ್ಣ ಹಚ್ಚಿದವರು ಅಡಿಲೇಡ್‌ನ ಎಮ್ಮಾ ಹ್ಯಾಕ್. ಇಬ್ಬರಿಗೂ ಬಣ್ಣ ಹಚ್ಚೋಕೆ 23 ಗಂಟೆಗೂ ಜಾಸ್ತಿ ಹಿಡಿಯಿತು. ಅದಕ್ಕೇ ಅವರ ಮುಖದಲ್ಲಿ ಕಾಣುವ ದಣಿವು ಪೂರ್ತಿ ನಟನೆ ಅಲ್ಲ ಅಂತ ನನ್ನ ನಂಬಿಕೆ. ಆ ಗೋಡೆಯ ಚಿತ್ರ ಯಾರದು ಗೊತ್ತಾ? ಅವನ ಅಪ್ಪ ಫ್ರ್ಯಾಂಕ್ ಡಿ ಬ್ಯಾಕರ್ 1980ರ ದಶಕದಲ್ಲಿ ಬಿಡಿಸಿದ ಚಿತ್ರದಿಂದ ತೆಗೆದದ್ದು. ಈ ಹಾಡಿರುವ ‘ಮೇಕಿಂಗ್ ಮಿರರ್ಸ್’ ಆಲ್ಬಮ್ಮಿನ ಮುಖಪುಟವೂ ಅದೇ. ಆಲ್ಬಮ್ಮಿನ ಬಹುಪಾಲು ರೆಕಾರ್ಡ್ ಆದದ್ದು ಅಪ್ಪ ಅಮ್ಮನ ಜಮೀನಿನ ಶೆಡ್ಡಿನಲ್ಲಿ, ಮೆಲ್ಬೋರ್ನ್‌ನ ದಕ್ಷಿಣಕ್ಕೆ ಮಾರ್ನಿಂಗ್ಟನ್ ಪೆನಿನ್ಸುಲಾದಲ್ಲಿ.

ಡ್ರಮ್ಮರ್_ಹಾಸನ:
ಆ ಆಲ್ಬಮ್ಮಿನಲ್ಲೇ ‘ಐಸ್ ವೈಡ್ ಓಪನ್’ ಅಂತ ಇದೆ. ಅದರ ಬೇಸ್ ಲೈನ್ ಯಾವ ವಾದ್ಯದ್ದು ಅಂತ ಹೇಳಿ ನೋಡೋಣ. ಬೇಲಿ! ನಿಜವಾಗಲೂ ತಂತಿ ಬೇಲಿ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ವಿಂಟನ್ ಅಂತ ಊರು, ಅಲ್ಲಿ ಗ್ರೇಮ್ ಲೀಕ್ ಅನ್ನೋ ಕಲಾವಿದ ಮಾಡಿದ ಸಂಗೀತದ ಬೇಲಿ ಇದೆ. ಹೋದವರು ಯಾರು ಬೇಕಾದರೂ ನುಡಿಸಬಹುದು. ಗೋಟಿಯೆ ಅದನ್ನು ಬಾರಿಸಿ, ರೆಕಾರ್ಡ್ ಮಾಡಿಕೊಂಡು ಬಂದು, ಆ ದನಿಯಿಂದಲೇ ಬೇಸ್ ಕಟ್ಟಿದ. ಇನ್ನೊಂದು ಹಾಡು ‘ಸ್ಟೇಟ್ ಆಫ್ ದಿ ಆರ್ಟ್’, ಅದು ಪೂರ್ತಿ ಒಂದು ಹಳೆ ಲೌರಿ ಕೋಟಿಲಿಯನ್ ಆರ್ಗನ್ ಮೇಲೆಯೇ ನಿಂತಿದೆ. ಹಿಂದಿನವರ ಡ್ರಾಯಿಂಗ್ ರೂಮಿನ ಆರ್ಗನ್, ಒತ್ತಿದರೆ ತಾನೇ ತಾಳ ಹಾಕುವಂಥದ್ದು. ಆ ಆರ್ಗನ್ ಏನೇನು ಮಾಡುತ್ತದೆ ಅನ್ನೋದೇ ಹಾಡಿನ ಸಾಹಿತ್ಯ.

ಬೇರೆಯವರು ಬಿಟ್ಟ ವಸ್ತುವಿನೊಳಗೆ ದನಿ ಹುಡುಕೋದೇ ಅವನ ಕೆಲಸ. ಇದನ್ನು ಅರ್ಥ ಮಾಡಿಕೊಂಡರೆ ಆಮೇಲೆ ಅವನು ಏನು ಮಾಡಿದ ಅನ್ನೋದೂ ಅರ್ಥ ಆಗುತ್ತದೆ.

ಬನಶಂಕರಿ_ಬೀಟ್ಸ್:
ಅದನ್ನೇ ಕೇಳುತ್ತಿದ್ದೇನೆ ಅಣ್ಣಾ, ಆಮೇಲೆ ಏನು ಮಾಡಿದ? ಎಲ್ಲರೂ 2011ರವರೆಗಿನ ಕಥೆ ಹೇಳುತ್ತಿದ್ದೀರಿ.

ಮೈಸೂರು_ಮೆಲೊಡಿ:
ಮಧ್ಯೆ ಬಾಯಿ ಹಾಕುತ್ತೇನೆ. ರೆಕಾರ್ಡ್ ಆಫ್ ದಿ ಇಯರ್ ಗ್ರ್ಯಾಮಿ ಗೆದ್ದ ಮೊದಲ ಆಸ್ಟ್ರೇಲಿಯನ್ ಅವನೇ ಅಲ್ವಾ? ಕೊಟ್ಟಿದ್ದು ಅಮೆರಿಕದ ಗಾಯಕ ಪ್ರಿನ್ಸ್. ಲಕೋಟೆ ತೆಗೆದು ನೋಡಿ, ಈ ಹಾಡು ನನಗೆ ಇಷ್ಟ ಅಂತ ಹೇಳಿಯೇ ಹೆಸರು ಓದಿದರು. ಆ ಕ್ಲಿಪ್ ನೋಡಿದರೆ ಈಗಲೂ ಖುಷಿಯಾಗುತ್ತದೆ. ವೇದಿಕೆ ಮೇಲೆ ಪ್ರಿನ್ಸ್ ಪಕ್ಕ ನಿಂತಾಗ ಗೋಟಿಯೆಗೆ ಮಾತೇ ಹೊರಡುತ್ತಿರಲಿಲ್ಲ.

ಹಳೇರೆಕಾರ್ಡು:
ಪ್ರಿನ್ಸ್ ವಿಷಯ ಸರಿ, ಮೊದಲನೆಯವನು ಅನ್ನೋದು ತಪ್ಪು. ಒಲಿವಿಯಾ ನ್ಯೂಟನ್-ಜಾನ್ 1975ರಲ್ಲೇ ‘ಐ ಆನೆಸ್ಟ್ಲಿ ಲವ್ ಯೂ’ ಹಾಡಿಗೆ ಅದೇ ಪ್ರಶಸ್ತಿ ಗೆದ್ದಿದ್ದರು. ಅವರೂ ಬೆಳೆದದ್ದು ಮೆಲ್ಬೋರ್ನ್‌ನಲ್ಲೇ.

ಮೈಸೂರು_ಮೆಲೊಡಿ:
ಒಲಿವಿಯಾ ಹುಟ್ಟಿದ್ದು ಇಂಗ್ಲೆಂಡ್‌ನಲ್ಲಿ ಸರ್.

ಹಳೇರೆಕಾರ್ಡು:
ಗೋಟಿಯೆ ಹುಟ್ಟಿದ್ದು ಬೆಲ್ಜಿಯಂನಲ್ಲಿ. ಹಾಗೆ ಲೆಕ್ಕ ಹಾಕಿದರೆ ಇಬ್ಬರೂ ಇಲ್ಲ.

ಮೆಲ್ಬೋರ್ನ್_ಕನ್ನಡತಿ:
ಇಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ, ಆ ಲೆಕ್ಕ ಬಿಡಿ. ‘ಆಮೇಲೆ’ ಏನು ಅನ್ನೋದಕ್ಕೆ ನಾನು ಉತ್ತರ ಕೊಡುತ್ತೇನೆ, ಆದರೆ ಅದಕ್ಕೆ ಮೊದಲು ಈ ಊರಿನ ಹಿನ್ನೆಲೆ ಬೇಕು.

ಇಲ್ಲಿ ಟ್ರಿಪಲ್ ಜೆ ಅಂತ ರೇಡಿಯೋ ಇದೆ. ಎಬಿಸಿಯದ್ದು, ಅಂದರೆ ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಸಂಸ್ಥೆ. ಜಾಹೀರಾತು ಇಲ್ಲ. ಯುವಕರಿಗಾಗಿಯೇ ಇರುವ ಚಾನೆಲ್, ಹೆಸರಿಲ್ಲದ ಸ್ಥಳೀಯ ಕಲಾವಿದರನ್ನು ದೇಶಕ್ಕೆಲ್ಲ ಕೇಳಿಸುತ್ತದೆ. ವರ್ಷಕ್ಕೊಮ್ಮೆ ಕೇಳುಗರು ಓಟು ಹಾಕಿ ಹಾಟೆಸ್ಟ್ 100 ಪಟ್ಟಿ ಮಾಡುತ್ತಾರೆ, 2011ರ ಪಟ್ಟಿಯಲ್ಲಿ ಗೋಟಿಯೆ ಮೊದಲು, 2013ರಲ್ಲಿ ‘ರಿಪ್‌ಟೈಡ್’ ಹಾಡಿಗೆ ವ್ಯಾನ್ಸ್ ಜಾಯ್ ಮೊದಲು. ಇದರ ಜೊತೆಗೆ ಟ್ರಿಪಲ್ ಆರ್, ಪಿಬಿಎಸ್ ಥರದ ಸಮುದಾಯ ರೇಡಿಯೋಗಳು, ಕೇಳುಗರ ಚಂದಾದಿಂದ ಬದುಕುವಂಥವು. ಆಮೇಲೆ ಪಬ್‌ಗಳು. ರಿಚ್ಮಂಡ್‌ನ ಕಾರ್ನರ್ ಹೋಟೆಲ್, ನಾರ್ತ್‌ಕೋಟ್ ಸೋಷಿಯಲ್ ಕ್ಲಬ್. ವಾರದ ನಡುವೆಯೂ ಯಾವುದಾದರೂ ಬ್ಯಾಂಡ್ ಇರುತ್ತದೆ. 2010ರ ಜನವರಿಯಲ್ಲಿ ಕಾಲಿಂಗ್‌ವುಡ್‌ನ ಟೋಟ್ ಹೋಟೆಲ್ ಲೈಸೆನ್ಸ್ ನಿಯಮದ ಹೊರೆ ತಾಳಲಾರದೆ ಮುಚ್ಚಿತು. ಮರು ತಿಂಗಳು ಸಾವಿರಾರು ಜನ ಬೀದಿಗಿಳಿದು ಪಾರ್ಲಿಮೆಂಟಿನ ಮುಂದೆ ಮೆರವಣಿಗೆ ಮಾಡಿದರು, ಲೈವ್ ಸಂಗೀತ ಉಳಿಸಿ ಅಂತ. ಟೋಟ್ ಮತ್ತೆ ತೆರೆಯಿತು.

ಇಂಥ ಊರಿನಲ್ಲಿ ಬೆಳೆದವನಿಗೆ ಸಂಗೀತಗಾರ ಅಂದರೆ ಬರೀ ಚಾರ್ಟ್‌ನಲ್ಲಿ ಇರುವವನು ಅಲ್ಲ. ವಾಲಿ 2002ರಿಂದ ದಿ ಬೇಸಿಕ್ಸ್ ಅನ್ನೋ ಮೂರು ಜನರ ಬ್ಯಾಂಡಿನಲ್ಲಿದ್ದಾನೆ, ಕ್ರಿಸ್ ಶ್ರೋಡರ್ ಮತ್ತು ಟಿಮ್ ಹೀತ್ ಜೊತೆ. ಅಲ್ಲಿ ಅವನು ಡ್ರಮ್ ಬಾರಿಸುತ್ತಾ ಹಾಡುತ್ತಾನೆ. ಗ್ರ್ಯಾಮಿ ಬಂದ ಮೇಲೂ ಆ ಬ್ಯಾಂಡ್ ಬಿಡಲಿಲ್ಲ. 2014ರಲ್ಲಿ ವಿಕ್ಟೋರಿಯಾ ರಾಜ್ಯದ ಚುನಾವಣೆಗೆ ಬೇಸಿಕ್ಸ್ ರಾಕ್ ಎನ್ ರೋಲ್ ಪಾರ್ಟಿ ಅಂತ ಪಕ್ಷವನ್ನೇ ಕಟ್ಟಿ ನಿಂತರು. 2015ರಲ್ಲಿ ‘ದಿ ಏಜ್ ಆಫ್ ಎಂಟೈಟಲ್‌ಮೆಂಟ್’ ಆಲ್ಬಮ್ ತಂದರು. ಅದೇ 2014ರಲ್ಲಿ ಟಿಮ್ ಶೀಲ್ ಜೊತೆ ಸೇರಿ ಸ್ಪಿರಿಟ್ ಲೆವೆಲ್ ಅಂತ ಸಣ್ಣ ಲೇಬಲ್ ಶುರು ಮಾಡಿದ, ಬೇರೆಯವರ ಸಂಗೀತ ಹೊರಗೆ ತರೋಕೆ. ‘ಸುಮ್ನೆ ನಿಂತುಬಿಟ್ಟ’ ಅನ್ನೋದು ಎಲ್ಲಿಂದ ಬಂತು?

ಸುಮ್ನೆ_ಓದುಗ:
ಪಕ್ಷ ಕಟ್ಟಿದ್ರಾ? ಗೆದ್ದರಾ?

ಮೆಲ್ಬೋರ್ನ್_ಕನ್ನಡತಿ:
ಇಲ್ಲ, ಗೆಲ್ಲಲಿಲ್ಲ.

ಬನಶಂಕರಿ_ಬೀಟ್ಸ್:
ಮೇಡಂ, ಮಾಹಿತಿಗೆ ಥ್ಯಾಂಕ್ಸ್, ನಿಜವಾಗಿ. ಆದರೂ ನನ್ನ ವಾದ ಬಿಡಲ್ಲ. ಕೋಟಿಗಟ್ಟಲೆ ಜನ ಆ ಹಾಡನ್ನು ತಮ್ಮದು ಮಾಡಿಕೊಂಡರು. ಬ್ರೇಕಪ್ ಆದ ಅರ್ಧ ಜಗತ್ತು ಅದನ್ನು ಕೇಳಿಕೊಂಡು ಅತ್ತಿತು, ನಾನೂ ಸೇರಿ. ಅಂಥ ಕೇಳುಗರಿಗೆ ಇನ್ನೊಂದು ಆಲ್ಬಮ್ ಕೊಡುವ ಜವಾಬ್ದಾರಿ ಇಲ್ವಾ? ಯಾರ ಮನೆ ಬಾಗಿಲಿಗೂ ಬರದ ಅವಕಾಶ ಅವನ ಮನೆಗೆ ಬಂದಿತ್ತು. 2014ರಲ್ಲಿ ಅಭಿಮಾನಿಗಳಿಗೆ ಬರೆದ ಪತ್ರದಲ್ಲಿ ಹೊಸ ಗೋಟಿಯೆ ಸಂಗೀತ ಬರಲ್ಲ, ಬರಬಹುದೇನೋ, ಗೊತ್ತಿಲ್ಲ ಅನ್ನೋ ಥರ ಬರೆದು ಮುಗಿಸಿದ. ಹೀಗೆ ಮಾಡಬಾರದಿತ್ತು.

ಲೂಪರ್:
ಆ ಹಾಡಿಗೆ ನಾವು ಕೊಟ್ಟಿದ್ದು ಸಮಯ, ಅವನು ಕೊಟ್ಟಿದ್ದು ಹಾಡು. ಲೆಕ್ಕ ಅಲ್ಲಿಗೆ ಮುಗಿಯಿತು. ಮುಂದಿನದಕ್ಕೆ ಸಾಲ ಎಲ್ಲಿ ಉಳಿಯಿತು?

ಕರಾವಳಿ_ಕಿವಿ:
ಬನಶಂಕರಿಯವರ ಬೇಜಾರು ನನಗೆ ಅರ್ಥ ಆಗುತ್ತದೆ. ಇಷ್ಟಪಟ್ಟ ಗಾಯಕ ಸುಮ್ಮನಾದರೆ ನೋವೇ. ಆದರೆ ಅಂಥ ಹಾಡಿನ ಮೇಲೆ ಇನ್ನೊಂದು ಅಂಥದ್ದೇ ಮಾಡು ಅಂತ ಲೇಬಲ್ಲು, ರೇಡಿಯೋ, ನಾವು ಎಲ್ಲರೂ ಕೂತು ಕಾಯುತ್ತಿದ್ದರೆ ಅವನು ಮಾಡುತ್ತಿದ್ದದ್ದು ಆ ಹಾಡಿನ ಎರಡನೇ ಭಾಗ. ಕೇಳಿದ ಮೇಲೆ ನಾವೇ ‘ಮೊದಲಿನ ಹಾಗಿಲ್ಲ’ ಅಂತಿದ್ದೆವು.

ಲೂಪರ್:
ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. 2012ರ ಸುಮಾರಿನಲ್ಲಿ ಆ ವಿಡಿಯೋಗೆ ಕೋಟ್ಯಂತರ ವ್ಯೂಸ್ ಬರುತ್ತಿದ್ದಾಗ ತನ್ನ ಯೂಟ್ಯೂಬ್ ಚಾನೆಲ್‌ಗೆ ಜಾಹೀರಾತು ಹಾಕೋದು ತನಗೆ ಇಷ್ಟವಿಲ್ಲ ಅಂತ ಸಂದರ್ಶನದಲ್ಲಿ ಹೇಳಿದ್ದ. ಹಾಡು ಕೇಳೋಕೆ ಬಂದವರಿಗೆ ಮೊದಲು ಸೋಪು ಮಾರಬಾರದು ಅನ್ನೋ ಮನಸ್ಸು. ಕೈಗೆ ಬಂದ ಎಷ್ಟು ದುಡ್ಡು ಬಿಟ್ಟಿರಬಹುದು ಯೋಚಿಸಿ.

ಡ್ರಮ್ಮರ್_ಹಾಸನ:
ಇಲ್ಲಿ ನಾನು ಸ್ವಲ್ಪ ಬೇರೆ ಹೇಳುತ್ತೇನೆ ಲೂಪರ್. ಅದು ಒಳ್ಳೆ ಮನಸ್ಸೇ, ಸಂದೇಹವಿಲ್ಲ. ಆದರೆ ಅದನ್ನು ಎಲ್ಲ ಸಂಗೀತಗಾರರಿಗೂ ಆದರ್ಶ ಅಂತ ಹಿಡಿಯಬೇಡಿ. ಆ ಹಾಡಿನ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿವೆ. ಅಷ್ಟು ಆದಾಯ ಇದ್ದವನು ಜಾಹೀರಾತು ಬಿಡಬಹುದು. ಮದುವೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸಿ ಇಎಂಐ ಕಟ್ಟುವ ನನ್ನಂಥವನು ಯೂಟ್ಯೂಬ್‌ನಿಂದ ಬರುವ ನಾಲ್ಕು ಕಾಸನ್ನೂ ಬಿಡೋಕಾಗಲ್ಲ, ಬಿಡಲೂಬಾರದು. ಕಲಾವಿದ ದುಡ್ಡು ಕೇಳಿದರೆ ಸಣ್ಣವನಾಗುತ್ತಾನೆ ಅನ್ನೋ ಭಾವನೆಯಿಂದಲೇ ನಮಗೆ ಅರ್ಧ ಸಂಭಾವನೆ ಕೊಟ್ಟು ಕಳಿಸುತ್ತಾರೆ.

ಲೂಪರ್:
ಅಣ್ಣಾ, ಪೂರ್ತಿ ಒಪ್ಪುತ್ತೇನೆ. ಬಿಡೋ ಹಕ್ಕು ಅವನಿಗೆ ಇತ್ತು, ತಗೊಳ್ಳೋ ಹಕ್ಕು ನಿಮಗಿದೆ. ಎರಡೂ ಸರಿ.

ವಕೀಲ_ಸಾಹೇಬ:
ಬಿಡೋ ಹಕ್ಕು ಅವನಿಗೆ ಹೇಗೆ ಬಂತು ಅನ್ನೋದನ್ನೂ ನೋಡಿ. ಸ್ಯಾಂಪಲ್ಸ್ ಎನ್ ಸೆಕೆಂಡ್ಸ್ ಅಂತ ಅವನದೇ ಸ್ವಂತ ಲೇಬಲ್ ಇತ್ತು. ಹಾಡು ಜಗತ್ತಿಗೆ ಹಬ್ಬುವ ಮೊದಲೇ ತನ್ನ ಕೆಲಸ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದ. ಚಿಕ್ಕ ವಯಸ್ಸಿನಲ್ಲಿ ಮುಂದಿನ ಐದಾರು ಆಲ್ಬಮ್ಮಿಗೆ ಸಹಿ ಹಾಕಿಕೊಟ್ಟವರು ‘ನಾನು ಈಗ ನಿಲ್ಲಿಸುತ್ತೇನೆ’ ಅನ್ನೋಕೆ ಆಗಲ್ಲ. ಡ್ರಮ್ಮರ್ ಅವರೇ, ನಿಮ್ಮ ಹತ್ತಿರ ಯಾವ ಕರಾರು ಬಂದರೂ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್ ಯಾರದ್ದು ಅನ್ನೋ ಸಾಲು ಮೊದಲು ಓದಿ.

ಡ್ರಮ್ಮರ್_ಹಾಸನ:
ಕರಾರು ಬಂದರೆ ತಾನೇ ಸರ್! ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಆದರೂ ಸಲಹೆಗೆ ಥ್ಯಾಂಕ್ಸ್, ನಮ್ಮ ತಂಡದ ಹುಡುಗರಿಗೆ ಹೇಳುತ್ತೇನೆ.

ಮೈಸೂರು_ಮೆಲೊಡಿ:
ಕವರ್ ವರ್ಷನ್, ಅಂದರೆ ಬೇರೆಯವರು ಆ ಹಾಡನ್ನು ತಮ್ಮದೇ ರೀತಿಯಲ್ಲಿ ಹಾಡಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಕೆನಡಾದ ವಾಕ್ ಆಫ್ ದಿ ಅರ್ತ್, ಐದು ಜನ ಒಂದೇ ಗಿಟಾರ್ ಹಿಡಿದು ನುಡಿಸಿದ್ದು, 2012ರ ಜನವರಿ. ನಾನು ಮೂಲ ಹಾಡಿಗಿಂತ ಮೊದಲು ಅದನ್ನೇ ನೋಡಿದ್ದು. ಆಮೇಲೆ ಜಗತ್ತಿನ ಮೂಲೆ ಮೂಲೆಯಿಂದ ಕವರ್‌ಗಳು ಬಂದವು. ಗೋಟಿಯೆ ಏನು ಮಾಡಿದ ಗೊತ್ತಾ? ಅವನ್ನೆಲ್ಲ ಕೂತು ನೋಡಿ, ಒಂದೊಂದರಿಂದ ಒಂದೊಂದು ಚೂರು ತೆಗೆದು, ಅವುಗಳಿಂದಲೇ ಹಾಡನ್ನು ಮತ್ತೆ ಕಟ್ಟಿ, ‘ಸಂಬಡೀಸ್’ ಅಂತ ಯೂಟ್ಯೂಬ್ ಆರ್ಕೆಸ್ಟ್ರಾ ಮಾಡಿ 2012ರ ಆಗಸ್ಟ್‌ನಲ್ಲಿ ಹಾಕಿದ. ಹಾಡಿದವರ ವಿಡಿಯೋಗಳ ಕೊಂಡಿಯನ್ನೂ ಕೊಟ್ಟ. ಮಲಗುವ ಕೋಣೆಯಲ್ಲಿ ಯುಕುಲೇಲೆ ಹಿಡಿದು ಹಾಡಿದ ಹುಡುಗಿ, ಬ್ಯಾಂಡು ಮೇಳದವರು, ಪುಟ್ಟ ಮಕ್ಕಳು, ಎಲ್ಲರೂ ಇದ್ದಾರೆ ಅದರಲ್ಲಿ.

ತುಂಗಾತೀರ:
ಇದು ನನಗೆ ಗೊತ್ತೇ ಇರಲಿಲ್ಲ. ಈಗಷ್ಟೇ ನೋಡಿದೆ. ಎಷ್ಟು ಚೆನ್ನಾಗಿದೆ! ಕೇಳುಗರಿಗೆ ಏನೂ ವಾಪಸ್ ಕೊಡಲಿಲ್ಲ ಅನ್ನೋ ಮಾತಿಗೆ ಇದಕ್ಕಿಂತ ಉತ್ತರ ಬೇಕಾ ಬನಶಂಕರಿಯವರೇ?

ಬನಶಂಕರಿ_ಬೀಟ್ಸ್:
ನೋಡಿದೆ. ಬಹಳ ಚೆನ್ನಾಗಿದೆ. ಆದರೂ ಅದು 2012. ನನ್ನ ಪ್ರಶ್ನೆ ಅದರ ನಂತರದ್ದು.

ಹಳೇರೆಕಾರ್ಡು:
ನಂತರದ್ದಕ್ಕೇ ಬರುತ್ತೇನೆ, ನನಗೆ ಅವನ ಮೇಲೆ ಗೌರವ ಜಾಸ್ತಿಯಾಗಿದ್ದು ಇದರಿಂದ. ಫ್ರಾನ್ಸಿನಲ್ಲಿ 1940ರ ದಶಕದಲ್ಲಿ ಜಾರ್ಜ್ ಜೆನಿ ಅನ್ನುವವರು ಒಂಡಿಯೋಲಿನ್ ಅಂತ ವಾದ್ಯ ಮಾಡಿದರು. ಸಣ್ಣ ಕೀಬೋರ್ಡ್, ಒಳಗೆ ಹಳೆ ರೇಡಿಯೋದಲ್ಲಿ ಇರುವಂಥ ವಾಲ್ವ್‌ಗಳು, ಇವತ್ತಿನ ಸಿಂಥಸೈಜರ್‌ನ ಅಜ್ಜ ಅನ್ನಬಹುದು. ಅದರ ಕೀಲಿಗಳನ್ನು ಪಕ್ಕಕ್ಕೆ ಅಲುಗಿಸಿದರೆ ದನಿಯೂ ಕಂಪಿಸುತ್ತದೆ, ಪಿಟೀಲಿನ ತಂತಿ ಮೇಲೆ ಬೆರಳು ಆಡಿಸಿದಾಗ ಆಗುವ ಹಾಗೆ. ಮೊಣಕಾಲಿನಿಂದ ಒಂದು ಹಿಡಿಕೆ ತಳ್ಳಿ ದನಿ ಏರಿಸಬೇಕು. ಅದನ್ನು ಜಗತ್ತಿಗೆ ಕೇಳಿಸಿದವರು ಫ್ರೆಂಚ್ ಸಂಗೀತಗಾರ ಜಾನ್-ಜಾಕ್ ಪೆರೆ. ಕಾಲ ಕಳೆದಂತೆ ವಾದ್ಯಗಳು ಕೆಟ್ಟವು, ರಿಪೇರಿ ಮಾಡುವವರೂ ಇಲ್ಲವಾದರು. ಗೋಟಿಯೆ ಹಳೆಯ ಪೀಸುಗಳನ್ನು ಹುಡುಕಿ, ಸರಿ ಮಾಡಿಸಿ, ತಾನೇ ನುಡಿಸಲು ಕಲಿತ. ಪೆರೆ ಅವರ ಸ್ನೇಹ ಸಂಪಾದಿಸಿದ. ಅವರು 2016ರ ನವೆಂಬರ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂಡಿಯೋಲಿನ್ ಆರ್ಕೆಸ್ಟ್ರಾ ಕಟ್ಟಿ ಅವರ ಸಂಗೀತ ನುಡಿಸಿದ. 2017ರಲ್ಲಿ ಫರ್ಗಾಟನ್ ಫ್ಯೂಚರ್ಸ್ ಅಂತ ಲೇಬಲ್ ಮಾಡಿ ಪೆರೆಯ ಹಳೆ ರೆಕಾರ್ಡಿಂಗ್‌ಗಳನ್ನು ಒಂದು ಆಲ್ಬಮ್ಮಾಗಿ ತಂದ.

ತನ್ನ ಮೇಲೆ ಬಿದ್ದಿದ್ದ ಬೆಳಕನ್ನು ಮರೆತುಹೋದ ಇನ್ನೊಬ್ಬ ಸಂಗೀತಗಾರನ ಮೇಲೆ ತಿರುಗಿಸಿದ. ನನ್ನ ಪ್ರಕಾರ ಇದು ಇನ್ನೊಂದು ಹಿಟ್ ಕೊಡೋದಕ್ಕಿಂತ ಕಷ್ಟದ ಕೆಲಸ.

ಕರಾವಳಿ_ಕಿವಿ:
ಪಕ್ಕದ ಮನೆಯವರು ಕೊಟ್ಟ ಹಳೆ ರೆಕಾರ್ಡಿನಿಂದ ಶುರುವಾದವನು ಅಲ್ವಾ. ಅದೇ ಗೀಳು ಮುಂದುವರಿಯಿತು ಅನ್ನಿ.

ಬನಶಂಕರಿ_ಬೀಟ್ಸ್:
ಒಂಡಿಯೋಲಿನ್ ಕ್ಲಿಪ್ ಹುಡುಕಿ ಕೇಳಿದೆ. ದನಿ ವಿಚಿತ್ರವಾಗಿದೆ, ಒಂದು ಕಡೆ ಪಿಟೀಲು, ಒಂದು ಕಡೆ ಶಹನಾಯಿ ಥರ. ಸರಿ, ‘ಸರಕು ಖಾಲಿ’ ಅನ್ನೋ ಮಾತಿಗೆ ನನ್ನ ಬೆಂಬಲ ಇಲ್ಲ. ಆದರೆ ಇಷ್ಟೆಲ್ಲ ಗೊತ್ತಾದ ಮೇಲೆ ನನ್ನ ಆಸೆ ಇನ್ನೂ ಜಾಸ್ತಿಯಾಯಿತು. ಆ ವಾದ್ಯ ಇಟ್ಟುಕೊಂಡು ಇವನೇ ಒಂದು ಹಾಡು ಬರೆದರೆ ಹೇಗಿರುತ್ತದೆ? ಅದನ್ನು ಕೇಳಬೇಕು ಅನ್ನೋದು ತಪ್ಪಾ?

ಮೆಲ್ಬೋರ್ನ್_ಕನ್ನಡತಿ:
ಅದು ತಪ್ಪಲ್ಲ, ನನಗೂ ಅದೇ ಆಸೆ. ಬರೆಯಲೇಬೇಕು ಅಂತ ಹಠ ಹಿಡಿದರೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ. ಅಂದ ಹಾಗೆ 2024ರಲ್ಲಿ ಡಿಜೆಗಳಾದ ಫಿಶರ್, ಕ್ರಿಸ್ ಲೇಕ್ ಜೊತೆ ಆ ಹಾಡಿನ ಹೊಸ ಡ್ಯಾನ್ಸ್ ರೂಪಕ್ಕೆ ಗೋಟಿಯೆ, ಕಿಂಬ್ರಾ ಇಬ್ಬರ ಹೆಸರೂ ಇದೆ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಹಾಡಿ ಕುಣಿಯುವವರಿಗೆ ಇಷ್ಟ ಆಗಬಹುದು.

ಲೂಪರ್:
ಡ್ಯಾನ್ಸ್ ರೂಪ ನನಗೂ ಬೇಡ. ಡೋಚಿ ಮಾಡಿದ್ದು ಚೆನ್ನಾಗಿದೆ. ಎದೆ ಹೊಡೆದುಕೊಳ್ಳುವ ಭಯದ ಹಾಡಿಗೆ ಆ ಗಿಟಾರ್ ಎಷ್ಟು ಸರಿಯಾಗಿ ಕೂತಿದೆ ನೋಡಿ. ಬೋನ್ಫಾನಿಂದ ಗೋಟಿಯೆಗೆ, ಗೋಟಿಯೆಯಿಂದ ಡೋಚಿಗೆ. 1967ರಲ್ಲಿ ನುಡಿಸಿದ ಬೆರಳು ಇನ್ನೂ ಕೆಲಸ ಮಾಡುತ್ತಿದೆ.

ಸುಮ್ನೆ_ಓದುಗ:
ಹೊಸದಾಗಿ ಕೇಳುವವನಿಗೆ ಯಾರಾದರೂ ಕ್ರಮ ಹೇಳಿ ಪ್ಲೀಸ್. ನಾಳೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಕೇಳಬೇಕು.

ಹಳೇರೆಕಾರ್ಡು:
‘ಲೈಕ್ ಡ್ರಾಯಿಂಗ್ ಬ್ಲಡ್’ ಪೂರ್ತಿ, ಮಧ್ಯೆ ಬಿಡದೆ. ಆಮೇಲೆ ‘ಮೇಕಿಂಗ್ ಮಿರರ್ಸ್’. ‘ಬೋರ್ಡ್‌ಫೇಸ್’ ಕೊನೆಗೆ, ಅದು ಒರಟಾಗಿದೆ.

ಡ್ರಮ್ಮರ್_ಹಾಸನ:
‘ಮೇಕಿಂಗ್ ಮಿರರ್ಸ್’ನ ಕೊನೆಯ ಹಾಡು ‘ಬ್ರಾಂಟೆ’. ಸ್ನೇಹಿತರ ಮನೆಯ ನಾಯಿ ಸತ್ತದ್ದರ ಬಗ್ಗೆ. ಮನೆಯಲ್ಲಿ ನಾಯಿ ಸಾಕಿದವರಾದರೆ ಬಸ್ಸಿನಲ್ಲಿ ಕೇಳಬೇಡಿ.

ಸುಮ್ನೆ_ಓದುಗ:
ಸಾಕಿದ್ದೇನೆ. ಅದೊಂದು ಮನೆಯಲ್ಲೇ ಕೇಳುತ್ತೇನೆ ಹಾಗಾದರೆ.

ಕರಾವಳಿ_ಕಿವಿ:
ಪಟ್ಟಿಗೆ ಕಿಂಬ್ರಾಳ ‘ವೌಸ್’ ಸೇರಿಸಿ, ಇಲ್ಲದಿದ್ದರೆ ಈ ಪಟ್ಟಿ ಪೂರ್ತಿ ಅಲ್ಲ.

ತುಂಗಾತೀರ:
ಸೇರಿಸಿದೆ ಅಕ್ಕಾ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಲ್ಬೋರ್ನ್ ಅಕ್ಕ, ದಿ ಬೇಸಿಕ್ಸ್‌ನಲ್ಲಿ ಯಾವ ಆಲ್ಬಮ್ ಮೊದಲು ಅಂತ ಹೇಳಿದರೆ ತಮ್ಮನಿಗೂ ಕಳಿಸುತ್ತೇನೆ, ಅವನಿಗೆ ರಾಕ್ ಇಷ್ಟ.

ಮೆಲ್ಬೋರ್ನ್_ಕನ್ನಡತಿ:
‘ದಿ ಏಜ್ ಆಫ್ ಎಂಟೈಟಲ್‌ಮೆಂಟ್’. ಸ್ವಲ್ಪ ಜೋರಾಗಿ ಹಾಕಿ ಕೇಳೋಕೆ ಹೇಳಿ, ಡ್ರಮ್ ಬಾರಿಸುತ್ತಿರೋದು ಯಾರು ಅಂತ ಆಮೇಲೆ ತಿಳಿಸಿ.